ಹಸನ್ ಗಂಗುವಿಗೆ ಸಿಬಿಲ್ ಸ್ಕೋರ್ ಇರಲಿಲ್ಲ

1347ರಲ್ಲಿ ಬಹಮನಿ ರಾಜ್ಯ ಕಟ್ಟಿ, ದೌಲತಾಬಾದ್ ಬಿಟ್ಟು ಕಲಬುರಗಿಯನ್ನು ರಾಜಧಾನಿ ಮಾಡಿಕೊಂಡ ಹಸನ್ ಗಂಗು ಒಂದು ಲೆಕ್ಕಕ್ಕೆ ಪುಣ್ಯವಂತ. ಆಗ ಗೃಹಸಾಲ ಇರಲಿಲ್ಲ. ಇದ್ದಿದ್ದರೆ ಆ ಸಾಮ್ರಾಜ್ಯ ಸ್ಟೇಶನ್ ರೋಡಿನ ಯಾವುದಾದರೂ ಬ್ಯಾಂಕಿನ ಎರಡನೇ ಮಹಡಿಯಲ್ಲಿ, ಕೆಂಪು ದಾರ ಕಟ್ಟಿದ ಫೈಲಿನೊಳಗೇ ಹುಟ್ಟಿ ಅಲ್ಲೇ ಮುಗಿಯುತ್ತಿತ್ತು.

ಅರ್ಜಿಯ ಮೊದಲ ಕಾಲಮಿನಲ್ಲೇ ಮನುಷ್ಯ ಸಿಕ್ಕಿಬೀಳುತ್ತಿದ್ದ. ಹೆಸರು ಹಸನ್. ದಿಲ್ಲಿ ಸುಲ್ತಾನನ ಚಾಕರಿಯಲ್ಲಿ ಜಫರ್ ಖಾನ್. ಪಟ್ಟಕ್ಕೆ ಬಂದ ಮೇಲೆ ಅಲಾವುದ್ದೀನ್ ಬಹಮನ್ ಶಾ. ನಮ್ಮ ಶಾಲೆಯ ಪಾಠದಲ್ಲಿ ಹಸನ್ ಗಂಗು. "ಈ ನಾಲ್ಕೂ ಮಂದಿ ಒಬ್ರೇ ಅಂತ ಬಾಂಡಿನ ಮ್ಯಾಲ ನೋಟರಿ ಮಾಡಸ್ಕೊಂಡು ಬರ್ರಿ" ಎಂದು ಕೌಂಟರಿನ ಹುಡುಗ ತಲೆ ಎತ್ತದೆ ಹೇಳುತ್ತಿದ್ದ. ಆಮೇಲೆ ವಂಶಾವಳಿ. ಆಸ್ಥಾನದವರು ಇವನು ಪರ್ಷಿಯದ ಬಹಮನ್ ದೊರೆಯ ವಂಶದವನು ಎಂದು ಬರೆಸಿದರು. ಫೆರಿಶ್ತಾ ಎಂಬ ಇತಿಹಾಸಕಾರ, ಇವನು ದಿಲ್ಲಿಯ ಗಂಗು ಎಂಬ ಬ್ರಾಹ್ಮಣ ಜ್ಯೋತಿಷಿಯ ಹೊಲದಲ್ಲಿ ಗಳೆ ಹೊಡೆಯುತ್ತಿದ್ದ ಆಳು ಎಂದು ಬರೆದ. ಇವತ್ತಿನ ಇತಿಹಾಸಕಾರರು ಎರಡನ್ನೂ ನಂಬುವುದಿಲ್ಲ. ತಹಶೀಲ್ದಾರ್ ಕಚೇರಿಯವರು ನಂಬಬೇಕಾದರೆ ಪಂಚನಾಮೆಗೆ ಪರ್ಷಿಯದಿಂದ ಐದು ಜನ ಪಂಚರು ಆಧಾರ್ ಕಾರ್ಡಿನ ಝೆರಾಕ್ಸ್ ಹಿಡಿದುಕೊಂಡು ಬರಬೇಕಿತ್ತು.

ಆದಾಯದ ಮೂಲ? ಫೆರಿಶ್ತಾನ ಕತೆಯ ಪ್ರಕಾರ ಹೊಲ ಉಳುವಾಗ ನೇಗಿಲಿಗೆ ಹೊನ್ನು ತುಂಬಿದ ಪಾತ್ರೆ ಸಿಕ್ಕಿತು, ಹಸನ್ ಅದನ್ನು ಪ್ರಾಮಾಣಿಕವಾಗಿ ಮಾಲಕನಿಗೆ ಒಪ್ಪಿಸಿದ. ನಡತೆಗೆ ಹತ್ತಕ್ಕೆ ಹತ್ತು, ಸ್ಯಾಲರಿ ಸ್ಲಿಪ್ಪಿಗೆ ಸೊನ್ನೆ. ಹಿಂದಿನ ನೌಕರಿಯ ಬಿಡುಗಡೆ ಪತ್ರ ಕೇಳಿದರಂತೂ ಮುಗಿದೇ ಹೋಯಿತು. ಮುಹಮ್ಮದ್ ಬಿನ್ ತುಘಲಕನ ಮೇಲೆ ದಂಗೆ ಎದ್ದು ಬಂದವನಿಗೆ ಅದನ್ನು ಯಾರು ಕೊಟ್ಟಾರು? ಇನ್ನು ಆಸ್ತಿಯ ಕಾಗದ. ಹಳೆಯ ಕೋಟೆ ರಾಜಾ ಗುಲ್‌ಚಂದನದು ಎನ್ನುವುದು ಬರೀ ಬಾಯಿಮಾತು. ಕ್ರಯಪತ್ರ ಇಲ್ಲ, ದಾನಪತ್ರ ಇಲ್ಲ, ಸ್ವಾಧೀನ ಮಾತ್ರ ಇದೆ, ಅದೂ ಕತ್ತಿಯಿಂದ. ಮಗನ ಕಾಲಕ್ಕೆ, 1367ರಲ್ಲಿ, ಕೋಟೆಯೊಳಗೆ ಕಟ್ಟಿದ ಜಾಮಿ ಮಸೀದಿಯ ಕಡತ ಇನ್ನೂ ಕಷ್ಟದ್ದು. 216 ಅಡಿ ಉದ್ದ, 176 ಅಡಿ ಅಗಲ, ಪೂರ್ತಿ ಮೇಲ್ಛಾವಣಿ. ದೇಶದ ದೊಡ್ಡ ಮಸೀದಿಗಳಿಗೆಲ್ಲ ಇರುವ ತೆರೆದ ಅಂಗಳ ಇದಕ್ಕಿಲ್ಲ. ಕಲಾ ಇತಿಹಾಸಕಾರರು ಅದನ್ನೇ ಹೊಗಳುತ್ತಾರೆ. ಬ್ಯಾಂಕಿನ ವ್ಯಾಲ್ಯುವರ್ ಆದರೆ "ಸೆಟ್‌ಬ್ಯಾಕ್ ಬಿಟ್ಟಿಲ್ಲ" ಎಂದು ಬರೆದು ಬೈಕ್ ಹತ್ತುತ್ತಿದ್ದ. ಕಟ್ಟಿದ ರಫಿ ಎಂಬಾತ ಕಜ್ವೀನಿನವನು. ಪಾಲಿಕೆಯ ಲೈಸೆನ್ಸ್ ಪಡೆದ ಎಂಜಿನಿಯರುಗಳ ಪಟ್ಟಿಯಲ್ಲಿ ಅವನ ಹೆಸರಿಲ್ಲ.

ಸೂಫಿ ಸಂತ ಖ್ವಾಜಾ ಬಂದೇ ನವಾಜರು ದಿಲ್ಲಿಯಿಂದ ಈ ಊರಿಗೆ ಬಂದಾಗ ಅವರಿಗೆ ಸುಮಾರು ಎಂಬತ್ತು ವರ್ಷ. ಎಪ್ಪತ್ತು, ಹೆಚ್ಚೆಂದರೆ ಎಪ್ಪತ್ತೈದು ತುಂಬುವುದರೊಳಗೆ ಸಾಲ ತೀರಬೇಕು ಎನ್ನುವ ಬ್ಯಾಂಕಿನ ಲೆಕ್ಕದಲ್ಲಿ ಅವರಿಗೆ ಒಂದು ಕಂತಿನ ಅವಧಿಯೂ ಉಳಿದಿರಲಿಲ್ಲ. ಶರಣಬಸವೇಶ್ವರರದು ಅದಕ್ಕಿಂತ ಗಂಭೀರ ಪ್ರಕರಣ. 1746ರಲ್ಲಿ ಅರಳಗುಂಡಗಿಯಲ್ಲಿ ಹುಟ್ಟಿದ ಆ ರೈತ ಶರಣರು ಹೊಲದ ಕಾಳಿಗೆ ಬಂದ ಹಕ್ಕಿಗಳನ್ನು ಓಡಿಸುವುದು ಬಿಟ್ಟು, ಅವುಗಳಿಗೆ ಕುಡಿಯಲು ನೀರು ಇಡುತ್ತಿದ್ದರು ಎಂದು ಭಕ್ತರು ಹೇಳುತ್ತಾರೆ. ಬೆಳೆಯನ್ನು ತಾನೇ ಹಕ್ಕಿಗೆ ಬಿಟ್ಟುಕೊಡುವ ಅರ್ಜಿದಾರನಿಗೆ 'ಮರುಪಾವತಿ ಸಾಮರ್ಥ್ಯ' ಎಂಬ ಕಾಲಮಿನಲ್ಲಿ ಏನು ಬರೆಯುವುದು?

ಇಷ್ಟೆಲ್ಲ ಅನರ್ಹರು ಸೇರಿ ಕಟ್ಟಿದ ಊರು ಇದು. ಈ ಊರಿನಲ್ಲಿ ಅರ್ಹತೆ ಎಂಬ ಪದ ನೆಲೆಯೂರಿದ್ದು ಬ್ಯಾಂಕುಗಳು ಬಂದ ಮೇಲೆ. ಬ್ಯಾಂಕುಗಳಿಗೆ ಬೇಕಾದ ಇತಿಹಾಸವೂ ದೊಡ್ಡದಲ್ಲ, ಮೂವತ್ತೇ ವರ್ಷದ್ದು. ನಮ್ಮಲ್ಲಿ ಏಳುನೂರು ವರ್ಷದ್ದಿದೆ. ಅವರು ಕೇಳುವ ಆ ಮೂವತ್ತು ಮಾತ್ರ ಯಾರ ಮನೆಯ ಟ್ರಂಕಿನಲ್ಲೂ ಒಟ್ಟಿಗೆ ಸಿಗುವುದಿಲ್ಲ.

ಬ್ರಹ್ಮಪುರದ ಮಾತಿಗೆ ಬರೋಣ. ಅಪ್ಪನ, ಅಂದರೆ ಶರಣಬಸವೇಶ್ವರರ, ಗುಡಿಯ ಸುತ್ತಿನ ಈ ಹಳೆಯ ಓಣಿಗಳಲ್ಲಿ ಮನೆಯ ಮೂಲ ಪತ್ರ ಎಂದರೆ ಬಹಳ ಕಡೆ ನಿಜಾಮರ ಕಾಲದ್ದು, ಉರ್ದುವಿನಲ್ಲಿ ಬರೆದದ್ದು. ನಿಜಾಮರ ಆಳ್ವಿಕೆ ಮುಗಿದ 1948ರ ಸೆಪ್ಟೆಂಬರ್ 17ರವರೆಗೆ ಇಲ್ಲಿ ಸರಕಾರದ ಭಾಷೆಯೇ ಅದು. ನಮ್ಮ ಓಣಿಯ ನಿವೃತ್ತ ಮಾಸ್ತರರು ಅಂಥ ಒಂದು ಕ್ರಯಪತ್ರವನ್ನು ಪ್ಲಾಸ್ಟಿಕ್ ಕವರಿನಲ್ಲಿಟ್ಟುಕೊಂಡು, ಮೇಲೆ ಒಂದು ಕೋಣೆ ಕಟ್ಟಿಸಲು ಸಾಲ ಕೇಳಲು ಹೋದರು. ಪ್ಯಾನೆಲ್ ವಕೀಲರು ಹುಡುಗರು, ಉರ್ದು ಬಾರದು. ಅನುವಾದಕ್ಕೆ ಜನ ಹುಡುಕಿ, ಅನುವಾದದ ಮೇಲೆ ಸಹಿ ಹಾಕಿಸಿ, ಆ ಸಹಿಯ ಮೇಲೆ ಇನ್ನೊಂದು ಸಹಿ ಹಾಕಿಸಿ ಕೊಟ್ಟದ್ದಾಯಿತು. ತಾರೀಖಿನ ಜಾಗದಲ್ಲಿ ಸನ್ 1347 ಎಂದು ಇತ್ತು. ಹೈದರಾಬಾದ್ ಸಂಸ್ಥಾನದ ಫಸಲಿ ವರ್ಷ ಅದು; ನಮ್ಮ ಲೆಕ್ಕಕ್ಕೆ 1937-38. ಬ್ಯಾಂಕಿನ ಕಂಪ್ಯೂಟರಿಗೆ ಅಕ್ಬರ್ ಬಾದಶಾಹನ ಕಂದಾಯದ ಪಂಚಾಂಗ ಗೊತ್ತಿರಲಿಲ್ಲ.

"ಮಾಸ್ತರ್, ನಿಮ್ಮ ಮನಿಗಿ ಆರುನೂರಾ ಎಪ್ಪತ್ತೆಂಟು ವರ್ಷ ಆಗ್ಯಾದ್ರಿ. ಇಷ್ಟು ಹಳೇ ಬಿಲ್ಡಿಂಗಿಗಿ ನಮ್ಮ ರೂಲಿನಾಗ ಬರಂಗಿಲ್ಲ."

"ಸಾಹೇಬ್ರ, ಅದು ಫಸಲಿ ಸನ್ ಅದರಿ. ಐನೂರಾ ತೊಂಬತ್ತು ಕೂಡಸ್ರಿ."

"ಕೂಡಸಲಾಕ ಸಿಸ್ಟಮಿನಾಗ ಕಾಲಮ್ ಇಲ್ರಿ."

ಮಾಸ್ತರರು ನಲವತ್ತು ವರ್ಷ ಗಣಿತ ಕಲಿಸಿದವರು. ಹೊರಗೆ ಬಂದು ಚಹಾ ಕುಡಿಯುತ್ತ, "ಹಸನ್ ಗಂಗು ರಾಜಧಾನಿ ಮಾಡಿದ ವರ್ಷನ ನಮ್ಮಜ್ಜ ಮನಿ ತೊಗೊಂಡಾನಂತ, ನೋಡ್ರಿ ನಮ್ಮ ಖಾನದಾನ" ಎಂದರು. ಇದರಲ್ಲಿ ನಗೆಗಿಂತ ಕಹಿಯಾದ ಒಂದು ಸಂಗತಿ ಇದೆ. 1872ರ ಸಾಕ್ಷ್ಯ ಕಾಯಿದೆಯ 90ನೇ ಕಲಮು ಏನು ಹೇಳುತ್ತಿತ್ತು? ಮೂವತ್ತು ವರ್ಷ ಹಳೆಯದಾದ, ಇರಬೇಕಾದವರ ಕೈಯಲ್ಲೇ ಇದ್ದ ಪತ್ರವನ್ನು ನ್ಯಾಯಾಲಯ ನಿಜವೆಂದು ಭಾವಿಸಬಹುದು ಎಂದು. ನ್ಯಾಯಾಧೀಶರು ನಂಬಬಹುದಾದ ಕಾಗದವನ್ನು ಅಸಿಸ್ಟಂಟ್ ಮ್ಯಾನೇಜರು ನಂಬುವುದಿಲ್ಲ. ಹಾಗಂತ ಹೊಸ ಕಾಗದ ನಂಬುತ್ತಾರೋ? ಋಣಭಾರ ಪ್ರಮಾಣಪತ್ರ 2004ರಿಂದ ಈಚೆಯದು ಕಂಪ್ಯೂಟರಿನಲ್ಲಿ ಸಿಗುತ್ತದೆ. ಅದರ ಹಿಂದಿನದು ಉಪನೋಂದಣಿ ಕಚೇರಿಯ ದಪ್ಪ ಪುಸ್ತಕಗಳಲ್ಲಿ, ಗೆದ್ದಲು ಎಷ್ಟು ಬಿಟ್ಟಿದೆಯೋ ಅಷ್ಟು. ಹೊಲದ್ದಾದರೆ 1954-55ರ ಖಾಸ್ರಾ ಪಹಣಿಯಿಂದ ಎಳೆ ಹಿಡಿಯಬೇಕು. ರಜಾಕಾರರ ಕಾಲದಲ್ಲಿ ಕೆಲವರ ಮನೆ ಸುಟ್ಟವು, 1948ರ ಪೊಲೀಸ್ ಕಾರ್ಯಾಚರಣೆಯ ಬೆನ್ನಿಗೆ ಮತ್ತೆ ಕೆಲವರವು. ಮನೆ ಬಿಟ್ಟು ಓಡಿದವರು ಮಕ್ಕಳನ್ನು ಎತ್ತಿಕೊಂಡು ಓಡಿದರು. ಕ್ರಯಪತ್ರ ಎತ್ತಿಕೊಳ್ಳಲಿಲ್ಲ ಎಂಬುದು ಈಗ ಫೈಲಿನಲ್ಲಿ 'ಕೊರತೆ' ಎಂದು ದಾಖಲಾಗಿದೆ.

ಕಾಗದ ಸರಿ ಇದ್ದವರಿಗೆ ಗುಮ್ಮಟ ಅಡ್ಡ ಬರುತ್ತದೆ. ಪುರಾತನ ಸ್ಮಾರಕಗಳ ಕಾಯಿದೆಗೆ 2010ರಲ್ಲಿ ತಿದ್ದುಪಡಿ ಬಂದ ಮೇಲೆ, ಕೇಂದ್ರದ ರಕ್ಷಣೆಯಲ್ಲಿರುವ ಸ್ಮಾರಕದ ಸುತ್ತ 100 ಮೀಟರ್ ಹೊಸ ಕಟ್ಟಡಕ್ಕೆ ನಿಷೇಧ, ಅದರಾಚೆ 200 ಮೀಟರ್ ಅನುಮತಿ ಇದ್ದರೆ ಮಾತ್ರ. ಸ್ಮಾರಕ ಉಳಿಯಬೇಕು, ಅದರಲ್ಲಿ ನನಗೆ ಎರಡು ಮಾತಿಲ್ಲ. ಆದರೆ ಕೋಟೆಯ ಸುತ್ತ, ಹಫ್ತ್ ಗುಂಬಜ್ ಎಂದು ಬಹಮನಿಗಳು ಸತ್ತವರಿಗೆ ಕಟ್ಟಿಸಿದ ಮನೆಗಳ ಸುತ್ತ ಬದುಕಿರುವವರು ಮಾಳಿಗೆ ಎತ್ತರಿಸುವಂತಿಲ್ಲ. ಕೋಟೆಯೊಳಗೇ ತಲೆಮಾರುಗಳಿಂದ ಮನೆ ಮಾಡಿಕೊಂಡವರ ತೆರವಿನ ಮಾತು ನ್ಯಾಯಾಲಯದವರೆಗೂ ಹೋಗಿದೆ. ಈ ನಿಯಮದ ಮೊದಲ ಕರಡು ಫಿರೂಜ್ ಶಾ ಬಹಮನಿಯದೇ ಇರಬೇಕು ಎಂದು ನನಗೆ ಗುಮಾನಿ. ಬಂದೇ ನವಾಜರ ಖಾನಕಾಹಿನ ಗದ್ದಲ ಕೋಟೆಗೆ ಬಹಳ ಹತ್ತಿರವಾಯಿತು, ದೂರ ಹೋಗಿ ಎಂದು ಅವನು ಹೇಳಿ ಕಳಿಸಿದನಂತೆ. ಅವರು ಎದ್ದು ಹೋದರು. ಇವತ್ತು ಜನ ಅವರ ದರ್ಗಾಕ್ಕೆ ಮುಗಿಬೀಳುತ್ತಾರೆ, ಫಿರೂಜನ ಗೋರಿ ಎಲ್ಲಿದೆ ಎಂದು ಆಟೋದವರನ್ನು ಕೇಳಿದರೆ ಮೀಟರ್ ನೋಡುತ್ತಾರೆ.

ಊರಿನ ಹೆಸರಿನ ಕತೆಯೂ ಇದೆ. ಬಹಮನಿಗಳಿಗೆ ಇದು ಅಹ್ಸನಾಬಾದ್. ನಿಜಾಮರಿಗೆ ಗುಲಬರ್ಗಾ. 2014ರ ನವೆಂಬರ್ 1ರಿಂದ ಸರಕಾರಿ ಲೆಕ್ಕದಲ್ಲೂ ಕಲಬುರಗಿ. ಹೈದರಾಬಾದ್ ಕರ್ನಾಟಕ 2019ರಲ್ಲಿ ಕಲ್ಯಾಣ ಕರ್ನಾಟಕವಾಯಿತು. ಸರಕಾರ ಹೆಸರು ಬದಲಿಸಿದರೆ ರಾಜ್ಯಪತ್ರದಲ್ಲಿ ಒಂದು ಸಾಲು ಸಾಕು. ಆದರೆ ಪಹಣಿಯಲ್ಲಿ ಶರಣಪ್ಪ, ಆಧಾರಿನಲ್ಲಿ ಶರಣಬಸಪ್ಪ, ಪಾಸ್‌ಬುಕ್ಕಿನಲ್ಲಿ ಬರೀ ಶರಣು ಎಂದಿರುವ ಮನುಷ್ಯನಿಗೆ ಒಂದು ಸಾಲು ಸಾಲದು. ಈ ಭಾಗದಲ್ಲಿ ಮನೆಗೊಬ್ಬ ಶರಣಬಸಪ್ಪ ಇದ್ದೇ ಇರುತ್ತಾನೆ, ಆದ್ದರಿಂದ ಇದು ಒಬ್ಬರ ಕಷ್ಟವಲ್ಲ, ಜಿಲ್ಲೆಯ ಕಷ್ಟ. ನ್ಯಾಯಾಲಯದ ಮುಂದಿನ ಟೈಪಿಂಗ್ ಅಂಗಡಿಗಳು ನಡೆಯುವುದೇ ಈ ಮೂವರು ಶರಣರನ್ನು ಒಬ್ಬರನ್ನಾಗಿ ಮಾಡುವ ಕಾಯಕದಿಂದ.

ಬ್ಯಾಂಕುಗಳದು? 1941ರಲ್ಲಿ ಹೈದರಾಬಾದ್ ಸ್ಟೇಟ್ ಬ್ಯಾಂಕ್ ಎಂದು ಹುಟ್ಟಿದ್ದು ಮುಂದೆ ಸ್ಟೇಟ್ ಬ್ಯಾಂಕ್ ಆಫ್ ಹೈದರಾಬಾದ್ ಆಗಿ, 2017ರ ಏಪ್ರಿಲ್ 1ರಂದು ಸ್ಟೇಟ್ ಬ್ಯಾಂಕ್ ಆಫ್ ಇಂಡಿಯಾದಲ್ಲಿ ಲೀನವಾಯಿತು. ಕಲಬುರಗಿಯಲ್ಲೇ ಕೇಂದ್ರ ಕಚೇರಿ ಇದ್ದ ಕೃಷ್ಣಾ ಗ್ರಾಮೀಣ ಬ್ಯಾಂಕು 2013ರಲ್ಲಿ ಪ್ರಗತಿ ಕೃಷ್ಣಾ ಆಯಿತು, 2019ರಲ್ಲಿ ಕರ್ನಾಟಕ ಗ್ರಾಮೀಣ ಬ್ಯಾಂಕ್ ಆಯಿತು, 2025ರ ಮೇ 1ರಂದು ರಾಜ್ಯಕ್ಕೆಲ್ಲ ಒಂದೇ ಆಗಿ ಮತ್ತೊಮ್ಮೆ ಹುಟ್ಟಿತು. ಈ ನಡುವೆ ಕೇಂದ್ರ ಕಚೇರಿ ಬಳ್ಳಾರಿಗೆ ಹೋಯಿತು. ಖಾತೆದಾರರ್ಯಾರೂ ಇವರನ್ನು ನೋಟರಿ ಹತ್ತಿರ ಕಳಿಸಲಿಲ್ಲ. ಬೋರ್ಡಿಗೆ ಹೊಸ ಬಣ್ಣ ಬಂದಾಗ, "ಅಂದ್ರ ನಮ್ಮ ಸಾಲ ಹಳೇ ಬ್ಯಾಂಕಿನ ಜೋಡಿ ಹೋಯ್ತೇನ್ರಿ?" ಎಂದು ಒಬ್ಬ ರೈತ ಕೇಳಿದ್ದನಂತೆ. ಆಶಾವಾದಿ.

ಈಗ ಹುಮನಾಬಾದ್ ರಸ್ತೆ ಹಿಡಿದು ಕಮಲಾಪುರಕ್ಕೆ ಹೋಗೋಣ. 2018ರಲ್ಲಿ ತಾಲೂಕು ಆದ ಊರು. ಇಲ್ಲಿಯ ಕೆಂಪು ಬಾಳೆಗೆ ಭೌಗೋಳಿಕ ಸೂಚ್ಯಂಕದ ಪ್ರಮಾಣಪತ್ರ ಇದೆ. ತಾನು ಎಲ್ಲಿ ಹುಟ್ಟಿದೆ, ಯಾವ ಮಣ್ಣಿನದು ಎಂದು ಆ ಹಣ್ಣು ಸರಕಾರದ ಮುಂದೆ ರುಜುವಾತು ಮಾಡಿಕೊಂಡಿದೆ. ಅದನ್ನು ಬೆಳೆಯುವ ನಮ್ಮ ಕಾಕಾನಿಂದ ಅದು ಆಗಿಲ್ಲ. ಅವನ ಕಾಗದಗಳೆಲ್ಲ ಕಲಬುರಗಿ ತಾಲೂಕು ಎನ್ನುತ್ತವೆ, ಹೊಸ ಆಧಾರ್ ಕಮಲಾಪುರ ಎನ್ನುತ್ತದೆ. ಬಾಳೆಗಿಂತ ಹಿಂದುಳಿದ ಪ್ರಜೆ.

ಕಾಕಾನ ಮನೆ ಎರಡು ತಲೆಮಾರು ಹಿಂದಿನದು. ಕಲ್ಲಿನ ಗೋಡೆ, ಮಣ್ಣಿನ ಮಾಳಿಗೆ, ಕೆಳಗೆ ಶಹಾಬಾದ್ ಫರ್ಸಿ. ಏಪ್ರಿಲ್ ಮೇ ತಿಂಗಳಲ್ಲಿ ಈ ಜಿಲ್ಲೆಯಲ್ಲಿ ಮನುಷ್ಯ ಬದುಕುವುದು ಇಂಥ ಗೋಡೆಯ ನೆರಳಿನಲ್ಲೇ. ಆದರೆ ಮಳೆ ಬಂದರೆ ಮಾಳಿಗೆ ಸೋರುತ್ತದೆ, ಒಳಗೆ ಪಾತ್ರೆಗಳ ಸಾಲು. ಸ್ಲ್ಯಾಬ್ ಹಾಕಿಸಬೇಕು ಎಂಬುದಷ್ಟೇ ಅವನ ಆಸೆ. ಮೊದಲು ಪಂಚಾಯ್ತಿಗೆ ಹೋದ. ಪ್ರಧಾನಮಂತ್ರಿ ಆವಾಸ್ ಗ್ರಾಮೀಣ ಯೋಜನೆಯಲ್ಲಿ 1.20 ಲಕ್ಷ ರೂಪಾಯಿ ಕೊಡುತ್ತಾರೆ. 2016ರಲ್ಲಿ ಯೋಜನೆ ಶುರುವಾದಾಗಲೂ ಅಷ್ಟೇ, ಈಗಲೂ ಅಷ್ಟೇ. ಸಿಮೆಂಟಿನ ರೇಟು ಮಾತ್ರ ಯೋಜನೆಯ ಮಾತು ಕೇಳಿಲ್ಲ. ವಾಡಿ, ಮಳಖೇಡ, ಸೇಡಂನ ಕಾರ್ಖಾನೆಗಳ ಧೂಳು ನಮಗೆ ಪುಕ್ಕಟೆ, ಚೀಲಕ್ಕೆ ಮಾತ್ರ ದುಡ್ಡು.

ಪಂಚಾಯ್ತಿಯವರು ಪಟ್ಟಿ ನೋಡಿದರು. ಗೋಡೆ ಕಲ್ಲಿನದು, ಸಂದಿಗೆ ಗಾರೆ ಇದೆ, ಆದ್ದರಿಂದ ಪಕ್ಕಾ ಮನೆ. ಗೋಡೆ ಪಕ್ಕಾ ಇದ್ದರೆ ಸಾಕು, ಮಾಳಿಗೆ ತಲೆ ಮೇಲೆ ಬಿದ್ದರೂ ಹೆಸರು ಪಟ್ಟಿಯಿಂದ ಹೊರಗೆ. ಎರಡಕ್ಕಿಂತ ಹೆಚ್ಚು ಕೋಣೆ ಇದ್ದರೂ ಹೊರಗೆ. ಕಾಕಾ ಅದೇ ಗೋಡೆ ತೋರಿಸಲು ಬ್ಯಾಂಕಿಗೆ ಹೋದ. ವ್ಯಾಲ್ಯುವರ್ ಬಂದು ಗೋಡೆಯನ್ನು ಬೆರಳಿನಿಂದ ಕೆರೆದು ನೋಡಿ, ಕಾಲಮ್ ಇಲ್ಲ, ಬೀಮ್ ಇಲ್ಲ, ಮಾಳಿಗೆ ಮಣ್ಣಿನದು, ಕಟ್ಟಡದ ಬೆಲೆ ಶೂನ್ಯ ಎಂದು ಬರೆದ. ದಿಲ್ಲಿಗೆ ಪಕ್ಕಾ, ಬ್ಯಾಂಕಿಗೆ ಕಚ್ಚಾ. ಒಂದೇ ಗೋಡೆ, ಒಂದೇ ವಾರ.

ಆವಾಸ್ ಯೋಜನೆಯ ಹೊರಗಿಡುವ ಪಟ್ಟಿಯನ್ನು ಒಮ್ಮೆ ಪೂರ್ತಿ ಓದಬೇಕು, ಒಳ್ಳೆಯ ಹಾಸ್ಯ ಸಾಹಿತ್ಯ ಅದು. ಬಹಳ ವರ್ಷ, ಮನೆಯಲ್ಲಿ ಫ್ರಿಜ್ ಇದ್ದರೆ ಮನೆ ಇಲ್ಲ, ಮೋಟರ್ ಸೈಕಲ್ ಇದ್ದರೆ ಇಲ್ಲ, ಲ್ಯಾಂಡ್‌ಲೈನ್ ಫೋನ್ ಇದ್ದರೆ ಇಲ್ಲ ಎಂದಿತ್ತು. 2024ರಲ್ಲಿ ಉದಾರ ಮನಸ್ಸು ಮಾಡಿ ಈ ಮೂರನ್ನು ಕೈಬಿಟ್ಟರು, ಅಂದರೆ ಹಳ್ಳಿಯಲ್ಲಿ ಲ್ಯಾಂಡ್‌ಲೈನ್ ಸತ್ತು ಅದರ ಕಂಬಕ್ಕೆ ದನ ಕಟ್ಟುವ ಕಾಲಕ್ಕೆ. ಉಳಿಸಿಕೊಂಡದ್ದರಲ್ಲಿ ಒಂದು ಕಾಕಾನಿಗೆ ಬಡಿಯಿತು: 50,000 ರೂಪಾಯಿ ಅಥವಾ ಅದಕ್ಕಿಂತ ಹೆಚ್ಚು ಮಿತಿಯ ಕಿಸಾನ್ ಕ್ರೆಡಿಟ್ ಕಾರ್ಡ್ ಇರಬಾರದು. ಬೀಜ ಗೊಬ್ಬರಕ್ಕೆ ಸಾಲ ಮಾಡಿದವನು ಸರಕಾರದ ಕಣ್ಣಿನಲ್ಲಿ ಸಾಹುಕಾರ. ಅದೇ ಸಾಲ ಇರುವವನು ಬ್ಯಾಂಕಿನ ಕಣ್ಣಿನಲ್ಲಿ ಈಗಾಗಲೇ ಸಾಲಗಾರ.

ಜಾಗದ ಕಾಗದಕ್ಕೆ ಪಂಚಾಯ್ತಿಯ ಇ-ಸ್ವತ್ತು ಬೇಕು: ನಮೂನೆ 9, ನಮೂನೆ 11ಎ. ಗಾವಠಾಣದ ಹೊರಗಿದ್ದು, ಎನ್‌ಎ, ಅಂದರೆ ಕೃಷಿಯೇತರ, ಆಗದೆ ಇದ್ದರೆ ಸಿಗುವುದು 11ಬಿ. ಅದನ್ನು ಕಂಡರೆ ಬ್ಯಾಂಕಿನವರು ಗೋಡೆಯ ಕ್ಯಾಲೆಂಡರ್ ನೋಡತೊಡಗುತ್ತಾರೆ. "ಹೊಲದಾಗ ಕಟ್ಟಗೋತೀನಿ" ಎಂದ ಕಾಕಾ. ಅದಕ್ಕಂತೂ ಆಗಲೇ ಆಗದು. ಕಾರಣ ಸರಳ. ಕಂತು ನಿಂತರೆ ನ್ಯಾಯಾಲಯಕ್ಕೆ ಹೋಗದೆ ಆಸ್ತಿ ಜಪ್ತಿ ಮಾಡಲು ಬ್ಯಾಂಕುಗಳಿಗೆ 2002ರಲ್ಲಿ ಸರ್ಫೇಸಿ ಎಂಬ ಕಾಯಿದೆ ಸಿಕ್ಕಿತು. ಅದರ 31ನೇ ಕಲಮು ಕೃಷಿ ಜಮೀನನ್ನು ಹೊರಗಿಟ್ಟಿದೆ. ರೈತನ ಭೂಮಿ ಸುಲಭವಾಗಿ ಕಿತ್ತುಕೊಳ್ಳಬಾರದು ಎಂಬ ಕನಿಕರ. ಕಿತ್ತುಕೊಳ್ಳಲು ಆಗದ್ದಕ್ಕೆ ಕೊಡುವುದೂ ಇಲ್ಲ ಎಂಬುದು ಬ್ಯಾಂಕಿನ ಕನಿಕರ.

ಇನ್ನು ವಿಜ್ಞಾನೇಶ್ವರ. ನಮ್ಮ ಜಿಲ್ಲೆಯ ಮರತೂರಿನವನು ಎಂದು ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ. ಕಲ್ಯಾಣದ ಚಾಲುಕ್ಯ ಆರನೇ ವಿಕ್ರಮಾದಿತ್ಯನ ಕಾಲದಲ್ಲಿ, 1076ರಿಂದ 1126ರೊಳಗೆ, ಈತ ಯಾಜ್ಞವಲ್ಕ್ಯ ಸ್ಮೃತಿಗೆ 'ಮಿತಾಕ್ಷರಾ' ಎಂಬ ವ್ಯಾಖ್ಯಾನ ಬರೆದ. ಪಿತ್ರಾರ್ಜಿತ ಆಸ್ತಿಯಲ್ಲಿ ಮಗನಿಗೆ ಹುಟ್ಟಿನಿಂದಲೇ ಪಾಲು ಎಂದ. ಬಂಗಾಳದ ಕಡೆ ಬಿಟ್ಟರೆ ಭಾರತದ ಹೆಚ್ಚಿನ ಕಡೆ ಹಿಂದೂ ಕೂಡು ಕುಟುಂಬದ ಕಾನೂನು ನಿಂತದ್ದು ಅದರ ಮೇಲೆ. ಬ್ರಿಟಿಷರ ಪ್ರಿವಿ ಕೌನ್ಸಿಲ್ಲಿನವರೂ ಲಂಡನ್ನಿನಲ್ಲಿ ಕುಳಿತು ಇವನ ಮಾತನ್ನೇ ಆಧಾರ ಹಿಡಿದು ತೀರ್ಪು ಕೊಟ್ಟರು. ಒಂಬತ್ತು ಶತಮಾನದ ನಂತರ ಆ ಮಹಾನುಭಾವ ಬಂದು ನಿಂತದ್ದು ಕಾಕಾನ ಗೃಹಸಾಲದ ಫೈಲಿನಲ್ಲಿ.

"ಆಸ್ತಿ ನಿಮ್ಮ ಅಪ್ಪನದು. ಎಲ್ಲಾರ ಸಹಿ ಬೇಕು" ಎಂದರು ವಕೀಲರು.

"ಅಣ್ಣ ತಮ್ಮ ಇಬ್ರೂ ಬರ್ತಾರ್ರಿ."

"ಅಕ್ಕ ತಂಗೇರು?"

2005ರ ಸೆಪ್ಟೆಂಬರ್ 9ರಿಂದ ಹೆಣ್ಣುಮಕ್ಕಳೂ ಸಮಪಾಲುದಾರರು. 2020ರಲ್ಲಿ ವಿನೀತಾ ಶರ್ಮಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಉಳಿದ ಅನುಮಾನವನ್ನೂ ತೆಗೆದುಹಾಕಿತು. ಒಳ್ಳೆಯದೇ ಆಯಿತು, ಒಂಬೈನೂರು ವರ್ಷ ತಡವಾಗಿ. ಕಾಕಾನ ಒಬ್ಬ ಅಕ್ಕ ಸೊಲ್ಲಾಪುರದಲ್ಲಿ, ಒಬ್ಬಳು ಪುಣೆಯ ಕಟ್ಟಡ ಕೆಲಸದ ಶೆಡ್ಡಿನಲ್ಲಿ. ಇನ್ನೊಬ್ಬಳು ತೀರಿಕೊಂಡಿದ್ದಾಳೆ, ಅವಳ ಮೂವರು ಮಕ್ಕಳಲ್ಲಿ ಒಬ್ಬ ಬೆಂಗಳೂರಿನಲ್ಲಿ ಎಲ್ಲಿದ್ದಾನೆ ಎಂದು ಅವನ ಹೆಂಡತಿಗೂ ಖಚಿತವಿಲ್ಲ. ಬೇರೆಯವರಿಗೆ ಮನೆ ಕಟ್ಟುತ್ತ ಊರೂರು ಅಲೆಯುವ ಈ ಮಂದಿಯನ್ನು ಒಟ್ಟುಗೂಡಿಸಿದರೆ ಇಲ್ಲೊಂದು ಮನೆ ಆಗುತ್ತದೆ. ಅವರ ಎರಡು ದಿನದ ಕೂಲಿ, ಬಸ್ಸಿನ ಚಾರ್ಜು, ಊಟ, ಅಕ್ಕಂದಿರು ಬಂದರೆ ಬರಿಗೈಲಿ ಕಳಿಸುವ ಹಾಗಿಲ್ಲವಾದ್ದರಿಂದ ಸೀರೆ ಕುಬಸ, ಎಲ್ಲ ಕಾಕಾನದು. ಗೃಹಸಾಲದ ಪ್ರೊಸೆಸಿಂಗ್ ಫೀ ಬಗ್ಗೆ ಜಾಹೀರಾತಿನಲ್ಲಿ ಬರೆಯುತ್ತಾರೆ, ಸೀರೆ ಕುಬಸದ ಬಗ್ಗೆ ಬರೆಯುವುದಿಲ್ಲ.

ಸಹಿಗಳಾದವು ಎಂದೇ ಹಿಡಿಯೋಣ. ಮುಂದೆ ಆದಾಯ. "ಮೂರು ವರ್ಷದ ಐಟಿ ರಿಟರ್ನ್ ಕೊಡ್ರಿ." ಕೃಷಿ ಆದಾಯಕ್ಕೆ ತೆರಿಗೆ ಇಲ್ಲ ಎಂದದ್ದು ಸರಕಾರ, ತೆರಿಗೆ ಯಾಕೆ ಕಟ್ಟಿಲ್ಲ ಎಂದು ಕೇಳುವುದು ಸರಕಾರದ್ದೇ ಬ್ಯಾಂಕು. ಹತ್ತು ಲಕ್ಷ ಸಾಲ, ಎಂಟೂವರೆ ಟಕ್ಕೆ ಬಡ್ಡಿ, ಇಪ್ಪತ್ತು ವರ್ಷ ಎಂದರೆ ತಿಂಗಳಿಗೆ ಸುಮಾರು 8,680 ರೂಪಾಯಿ ಕಂತು, ವರ್ಷಕ್ಕೆ ಒಂದು ಲಕ್ಷ ನಾಲ್ಕು ಸಾವಿರ. ಕಾಕಾನ ನಾಲ್ಕು ಎಕರೆ ತೊಗರಿಯಲ್ಲಿ ಎಕರೆಗೆ ನಾಲ್ಕು ಕ್ವಿಂಟಲ್ ಬಂತೆಂದು, ನೆಟೆ ರೋಗ ಬರಲಿಲ್ಲವೆಂದು, ಗಂಜಿನಲ್ಲಿ 2025-26ರ ಬೆಂಬಲ ಬೆಲೆ 8,000 ರೂಪಾಯಿಯೇ ಸಿಕ್ಕಿತೆಂದು, ಅಂದರೆ ಮೂರು ಪವಾಡ ಒಟ್ಟಿಗೆ ನಡೆದವೆಂದು ಇಟ್ಟುಕೊಂಡರೆ 1,28,000 ರೂಪಾಯಿ. ಬೀಜ, ಗೊಬ್ಬರ, ಔಷಧಿ, ಆಳು ಕಳೆಯುವ ಮೊದಲೇ ಉಳಿದದ್ದು ಇಪ್ಪತ್ನಾಲ್ಕು ಸಾವಿರ. ತೊಗರಿ ವರ್ಷಕ್ಕೊಮ್ಮೆ ರಾಶಿಯಾಗುತ್ತದೆ. ಕಂತು ತಿಂಗಳಿಗೊಮ್ಮೆ ರಾಶಿಯಾಗುತ್ತದೆ. ಭೌಗೋಳಿಕ ಸೂಚ್ಯಂಕ ನಮ್ಮ ತೊಗರಿಗೂ ಇದೆ, ಅದನ್ನು ಜಾಮೀನಾಗಿ ಇಡಲು ಬರುವುದಿಲ್ಲ.

ಸಿಬಿಲ್ ಸ್ಕೋರ್ ತೆಗೆದರು. ಅಳಿಯನ ಟ್ರ್ಯಾಕ್ಟರಿಗೆ ಹಿಂದೆ ಜಾಮೀನು ಹಾಕಿದ್ದಕ್ಕೆ ಕಾಕಾನದು ಪಾತಾಳದಲ್ಲಿತ್ತು. ಅವನ ಹೆಂಡತಿ ಕಾಕೂನದು ಮೈನಸ್ ಒಂದು. ಜನ್ಮದಲ್ಲಿ ಯಾರಿಂದಲೂ ಸಾಲ ಮಾಡದವರಿಗೆ ಬರುವ ಗುರುತು ಅದು. ಬರೀ ಆ ಕಾರಣಕ್ಕೆ ಮೊದಲ ಸಲ ಸಾಲ ಕೇಳುವವರನ್ನು ವಾಪಸ್ ಕಳಿಸಬೇಡಿ ಎಂದು ರಿಸರ್ವ್ ಬ್ಯಾಂಕ್ ಬ್ಯಾಂಕುಗಳಿಗೆ ಹೇಳಿದೆ. ಹೇಳಿದ್ದನ್ನು ಬ್ಯಾಂಕುಗಳು ಕೇಳಿವೆ, ಕಾಕೂನನ್ನು ಬೇರೆ ಕಾರಣಕ್ಕೆ ವಾಪಸ್ ಕಳಿಸಿದರು.

ಕೊನೆಗೆ ಕೆಲಸ ಆಗಿದ್ದು ಕಾಕೂನ ಕೊರಳಿನಿಂದ. ಬೋರಮಾಳ, ನಾಲ್ಕು ಬಿಲ್ವಾರ ಒಯ್ದು ಇಟ್ಟಳು, ಚಹಾ ಆರುವುದರೊಳಗೆ ದುಡ್ಡು. ಬಂಗಾರಕ್ಕೆ ಮೂವತ್ತು ವರ್ಷದ ಲಿಂಕ್ ಬೇಡ, ಫಸಲಿ ಸನ್ ಬೇಡ, ನಾದಿನಿಯರ ಸಹಿ ಬೇಡ. ಸ್ತ್ರೀಧನದ ವಿಷಯದಲ್ಲಿ ವಿಜ್ಞಾನೇಶ್ವರ ಮೊದಲೇ ಉದಾರಿ. ಸಾಲದ್ದಕ್ಕೆ ಸಂಘದ, ಅಂದರೆ ಮೈಕ್ರೋಫೈನಾನ್ಸಿನ, ಸಾಲ ಬಂತು, ವಾರದ ಕಂತು, ಬಡ್ಡಿ ಕೇಳಬಾರದು. ಈ ಸಂಘದವರು ಮನೆ ಬಾಗಿಲಿಗೆ ಬಂದು ಕಾಡಬಾರದು ಎಂದು ಸರಕಾರ 2025ರಲ್ಲಿ ಸುಗ್ರೀವಾಜ್ಞೆಯನ್ನೇ ತರಬೇಕಾಯಿತು. ಬಾಗಿಲು ಇದ್ದವರಿಗೆ ಅನುಕೂಲ. ಎರಡು ಸುಗ್ಗಿಯ ನಂತರ ಸ್ಲ್ಯಾಬ್ ಬಿತ್ತು.

ಗೃಹಪ್ರವೇಶದ ದಿನ ಬ್ಯಾಂಕಿನ ಫೀಲ್ಡ್ ಆಫೀಸರು ತಾವಾಗಿಯೇ ಬಂದರು. ಎರಡು ಹೋಳಿಗೆ ಹಾಕಿಸಿಕೊಂಡರು, ತುಪ್ಪ ಬೇಡ ಎನ್ನಲಿಲ್ಲ. ಮೇಲೆ ನೋಡಿ ಸ್ಲ್ಯಾಬಿಗೆ ಮೆಚ್ಚುಗೆ ಸೂಚಿಸಿ, ಜೇಬಿನಿಂದ ಕಾರ್ಡು ತೆಗೆದರು.

"ಕಾಕಾ, ಈಗ ನಿಮ್ಮ ಪ್ರಾಪರ್ಟಿ ಭಾಳ ಛಲೋ ಆಗ್ಯಾದ್ರಿ. ಇದರ ಮ್ಯಾಲ ನಾವು ಇಪ್ಪತ್ತು ವರ್ಷದ ಲೋನ್ ಕೊಡ್ತೀವಿ. ನಿಮ್ದು ಎಲಿಜಿಬಿಲಿಟಿ ಬರ್ತದ."

ಕಾಕಾ ಕಾರ್ಡನ್ನು ಹಿಂದೆ ಮುಂದೆ ತಿರುಗಿಸಿ ನೋಡಿದ.

"ಆಗ್ಲಿ ಸಾಹೇಬ್ರ. ಇಪ್ಪತ್ತು ವರ್ಷದ ಮಾತದ. ಅಲ್ಲೀತನಕ ನಿಮ್ಮ ಬ್ಯಾಂಕಿನ ಹೆಸರು ಇದೇ ಇರ್ತದ ಅಂತ ಬಾಂಡಿನ ಮ್ಯಾಲ ಬರಕೊಂಡು ನೋಟರಿ ಮಾಡಸ್ಕೊಂಡು ಬರ್ರಿ. ಎರಡು ಫೋಟೋ, ಆಧಾರ್ ಝೆರಾಕ್ಸ್ ತರ್ರಿ. ನೋಡೂಣು."